ಉರಿಕೋಣೆಗೊಂದು ತೂತು

ಅತ್ತಿಗೆ ಬಸುರಿ ಎಂದು ಗೊತ್ತಾದ ವಾರವೇ ಮಾಲೀಕರು ಅವಳಿಗೊಂದು ಉಪಕಾರ ಮಾಡಿದರು. ಮೇಲಿನ ಮಹಡಿಯ ಬೆಂಚಿನಿಂದ ಎಬ್ಬಿಸಿ ಕೆಳಗಿನ ಉರಿಕೋಣೆಯಲ್ಲಿ ಕೂರಿಸಿದರು.

"ದಿನವೆಲ್ಲಾ ಬೆನ್ನು ಬಗ್ಗಿಸಿ ಕೆಲಸ ಮಾಡೋದು ಈಗ ಬೇಡಮ್ಮ. ಕೆಳಗೆ ಕುರ್ಚಿ ಇದೆ. ಆರಾಮಾಗಿ ಕೂತು ಲ್ಯಾಂಪ್ ನೋಡ್ಕೊಂಡಿರು" ಎಂದರು. ಕುರ್ಚಿಗೆ ಒಂದು ದಿಂಬನ್ನೂ ಕಳಿಸಿದರು. ದಿಂಬು ನೋಡಿ ಬೆಂಚಿನವರೆಲ್ಲ ಕರಗಿಹೋದೆವು. ಅತ್ತಿಗೆ ಮಾತ್ರ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲೂ ಕಿಟಕಿ ಇಲ್ವಲ್ಲ" ಎಂದಳು.

ಉರಿಕೋಣೆಗೆ ಕಿಟಕಿಯೇ ಇರಲಿಲ್ಲ. ರಸ್ತೆಯ ಕಡೆ ಪೂರಾ ಇಟ್ಟಿಗೆಯ ಗೋಡೆ, ಮಿಕ್ಕ ಕಡೆಯೆಲ್ಲ ಕಬ್ಬಿಣದ ರ‍್ಯಾಕು. ಹೊಸದಾಗಿ ತಯಾರಾದ ದೀಪಗಳನ್ನು ಆ ರ‍್ಯಾಕುಗಳಿಗೆ ಸಾಲಾಗಿ ಸಿಕ್ಕಿಸಿ ಹಗಲೆಲ್ಲ ಉರಿಸುತ್ತಾರೆ. ಬದುಕಿದ್ದು ಡಬ್ಬಿಗೆ, ಸತ್ತಿದ್ದು ಬುಟ್ಟಿಗೆ. ಕಪ್ಪು ಕನ್ನಡಕ ಹಾಕಿಕೊಂಡು ಅದನ್ನು ನೋಡುತ್ತ ಕೂರುವುದೇ ಆ ಆರಾಮದ ಕೆಲಸ.

ಯಾವ ದೀಪ ಅಂತೀರಾ? ಶಾಲೆಯಲ್ಲಿ, ಆಫೀಸಿನಲ್ಲಿ ಗೋಡೆಗೆ ಚಿತ್ರ ಬಿಡುವ ಪ್ರೊಜೆಕ್ಟರ್ ಇರುತ್ತದಲ್ಲ, ಅದರ ಹೊಟ್ಟೆಯೊಳಗಿನದು. ಒಂದು ಕನ್ನಡಿಯ ಬಟ್ಟಲು, ಬಟ್ಟಲಿನ ನಡುವೆ ಕಡಲೆಕಾಳಿನಷ್ಟು ಗಾಜಿನ ಗುಂಡು, ಗುಂಡಿನೊಳಗೆ ಒಂದು ಹನಿ ಪಾದರಸ. ಕರೆಂಟು ಕೊಟ್ಟರೆ ಒಳಗಿನ ಎರಡು ಕಡ್ಡಿಗಳ ನಡುವೆ ಉಗುರಿನ ದಪ್ಪದಷ್ಟು ಸಂದಿಯಲ್ಲಿ ಕಿಡಿ ಹಾರುತ್ತದೆ. ಮೊದಲು ನೇರಳೆ. ಪಾದರಸ ಆವಿಯಾದಂತೆಲ್ಲ ಬಿಳಿ, ಆಮೇಲೆ ಕಣ್ಣು ಕುಕ್ಕುವ ಬಿಳಿ. ಆ ಹೊತ್ತಿಗೆ ಒಳಗಿನ ಒತ್ತಡ ಹೊರಗಿನ ಗಾಳಿಯ ಇನ್ನೂರು ಪಟ್ಟು ಏರಿರುತ್ತದೆ. ಒಂದು ಕಡಲೆಕಾಳು ಅಷ್ಟನ್ನೂ ತಡೆದುಕೊಂಡು ಯಾರದೋ ಲಾಭದ ಗೆರೆ ಮೇಲಕ್ಕೆ ಹೋಗುವುದನ್ನು ಗೋಡೆಯ ಮೇಲೆ ತೋರಿಸುತ್ತಿರಬೇಕು. ತಡೆಯಲಾಗದಿದ್ದರೆ, ಟಪ್.

ಟಪ್ ಎಂದರೆ ಪಾದರಸದ ಆವಿ ಕೋಣೆಗೆ ಬಂತು ಎಂದರ್ಥ. ಅದು ಕಾಣುವುದಿಲ್ಲ, ವಾಸನೆಯೂ ಇಲ್ಲ. ಕೋಣೆಗೆ ಕಿಟಕಿ ಇಲ್ಲದ್ದರಿಂದ ಬಾಗಿಲಿನಿಂದ ಹೊರಟು, ಮೆಟ್ಟಿಲು ಹತ್ತಿ, ನೆಂಟರ ಹಾಗೆ ನಮ್ಮ ಬೆಂಚಿಗೇ ಬರುತ್ತದೆ. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು. ಟಪ್ ಕೇಳಿದವರು "ಗಾಳಿ!" ಎಂದು ಕೂಗಬೇಕು. ಕೂಗಿದ ತಕ್ಷಣ ಮೇಲಿನವರು ಕೆಳಗಿನವರು ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು, ಒಂದು ಮೊಣಕೈಯಿಂದ ಮೂಗು ಮುಚ್ಚಿ, ಇನ್ನೊಂದು ಕೈಯನ್ನು ಮುಂದಿನವರ ಹೆಗಲ ಮೇಲಿಟ್ಟು, ಸಾಲಾಗಿ ಇಳಿದು ರಸ್ತೆ ದಾಟಬೇಕು. ಹೆಗಲು ಯಾಕೆಂದರೆ, ಆ ಬೆಳಕಿನಲ್ಲಿದ್ದು ಬಂದವರಿಗೆ ಹೊರಗೆ ಏನೂ ಕಾಣುವುದಿಲ್ಲ. ಇದನ್ನು ಯಾರೂ ಕಲಿಸಿಕೊಟ್ಟಿದ್ದಲ್ಲ. ಮೈ ತಾನೇ ಕಲಿತಿತ್ತು.

ಒಡೆಯಿತು ಎನ್ನುವ ಮಾತನ್ನು ಮಾತ್ರ ನಮ್ಮ ಕಟ್ಟಡದಲ್ಲಿ ಆಡುವ ಹಾಗಿರಲಿಲ್ಲ. "ಒಡೀತು ಅನ್ನಬೇಡಿ, ಅಶುಭ. ನಿವೃತ್ತಿ ಆಯ್ತು ಅನ್ನಿ" ಎಂದು ಮಾಲೀಕರ ಅಪ್ಪಣೆ. ಗಿರಾಕಿಗಳಿಗೆ ಅವರು ಹೇಳುತ್ತಿದ್ದದ್ದು ಒಂದೇ: ನಮ್ಮ ಲ್ಯಾಂಪ್ ಈವರೆಗೆ ಒಂದೂ ಒಡೆದಿಲ್ಲ. ಅದು ಸುಳ್ಳೂ ಅಲ್ಲ. ಎಲ್ಲವೂ ನಿವೃತ್ತಿಯಾಗಿದ್ದವು.

ಅವರ ಪ್ರತಿ ಭಾಷಣವೂ "ನಾವೆಲ್ಲ ಒಂದೇ ಕುಟುಂಬ" ಎಂದು ಶುರುವಾಗುತ್ತಿತ್ತು. ಕುಟುಂಬ ಎಂದ ಮೇಲೆ ಅವರೂ ಏನಾದರೂ ಆಗಬೇಕಲ್ಲ ಎಂದು ನಾವು ದೊಡ್ಡಪ್ಪ ಎಂದು ಹೆಸರಿಟ್ಟೆವು. ಮೇಲ್ವಿಚಾರಕರ ಹೆಸರು ಗ್ಲೌಸ್. ಆ ಗಾಜಿನ ಗುಂಡನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಬಿಸಿಗೆ ಸುಟ್ಟು ಗಾಜಿಗೆ ಕಚ್ಚಿಕೊಂಡು ಅಲ್ಲಿಂದಲೇ ಬಿರುಕು ಬಿಡುತ್ತದೆ. ಅದಕ್ಕೇ ಎಲ್ಲರಿಗೂ ಬಿಳಿ ಕೈಗವಸು. ನಮ್ಮವು ಊಟದ ಹೊತ್ತಿಗೆ ಬೂದಿಯ ಬಣ್ಣಕ್ಕೆ ತಿರುಗಿರುತ್ತಿದ್ದವು. ಮೇಲ್ವಿಚಾರಕರದ್ದು ಸಂಜೆಯಾದರೂ ಹಾಲಿನಷ್ಟು ಬಿಳಿ. ಯಾಕೆಂದರೆ ಅವರು ಯಾವುದನ್ನೂ ಮುಟ್ಟುತ್ತಿರಲಿಲ್ಲ.

ಇನ್ನು ಅತ್ತಿಗೆ. ನನ್ನ ಅಣ್ಣನ ಹೆಂಡತಿ, ನನಗಿಂತ ಚಿಕ್ಕವಳು, ಆದರೂ ಅತ್ತಿಗೆ. ನಾನು ಕರೆದದ್ದನ್ನು ಕೇಳಿ ಕೇಳಿ ಬೆಂಚಿನವರೆಲ್ಲ ಹಾಗೇ ಕರೆಯತೊಡಗಿ, ಅವಳ ತಾಯಿಯ ವಯಸ್ಸಿನವರಿಗೂ ಅವಳು ಅತ್ತಿಗೆಯಾಗಿಬಿಟ್ಟಿದ್ದಳು. ಅವಳು ಅದನ್ನು ಪದವಿಯಂತೆ ಒಪ್ಪಿಕೊಂಡು ಎಲ್ಲರನ್ನೂ ಗದರುತ್ತಿದ್ದಳು.

ಉರಿಕೋಣೆಗೆ ಹೋದ ಮೇಲೆ ಅವಳ ಗದರುವಿಕೆ ಕಡಿಮೆಯಾಯಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಏನು ಕೆಲಸ ಎಂದು ಕೇಳಿದ್ದರಂತೆ. ಪಾದರಸ ಎಂದ ಕೂಡಲೇ ಪೆನ್ನು ಕೆಳಗಿಟ್ಟು, "ಅದರ ಆವಿ ನಿಮಗೇ ಒಳ್ಳೇದಲ್ಲ, ಹೊಟ್ಟೆಯಲ್ಲಿರೋ ಮಗೂಗಂತೂ ಬೇಡವೇ ಬೇಡ. ಗಾಳಿಯಾಡೋ ವ್ಯವಸ್ಥೆ ಇದೆಯಾ?" ಎಂದಿದ್ದರು.

"ಏನಂದೆ?" ಎಂದು ಕೇಳಿದ ಅಣ್ಣ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಮ್ಮ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅವನು ಬಾಗಿಲಲ್ಲಿ ಕೂತು ಬೆರಳಿನ ಗ್ರೀಸ್ ಒರೆಸಿಕೊಳ್ಳುತ್ತಿದ್ದ.

"ದಿಂಬಿದೆ ಅಂದೆ."

"ತಮಾಷೆ ಸಾಕು. ಬಿಟ್ಬಿಡು ಆ ಕೆಲಸ."

"ಬಿಡ್ತೀನಿ. ನೀನು ಹೆರೋದಾದ್ರೆ ಹೇಳು, ಇವತ್ತೇ ಬಿಡ್ತೀನಿ."

ಅಣ್ಣ ನನ್ನ ಮುಖ ನೋಡಿದ. "ನೀನಾದ್ರೂ ಹೇಳೇ."

"ನಾನೇನು ಹೇಳ್ಲಿ? ಅವಳು ಅತ್ತಿಗೆ, ನಾನು ನಾದಿನಿ. ಮಾತು ಮೇಲಿಂದ ಕೆಳಗೆ ಬರುತ್ತೆ, ಕೆಳಗಿಂದ ಮೇಲೆ ಹೋಗಲ್ಲ" ಎಂದೆ. ಹೇಳುವುದಕ್ಕೇನು? ಅವಳು ಬಿಟ್ಟರೆ ಮನೆ ಹೇಗೆ ನಡೆಯುತ್ತದೆ ಎನ್ನುವುದು ಮೂವರಿಗೂ ಗೊತ್ತಿತ್ತು. ನಮ್ಮಂಥವರು ಕೆಲಸ ಬಿಡುವುದಲ್ಲ, ಕೆಲಸವೇ ನಮ್ಮನ್ನು ಬಿಡುವುದು.

ಮರುದಿನ ನಾವಿಬ್ಬರೂ ದೊಡ್ಡಪ್ಪನ ಕೋಣೆಗೆ ಹೋದೆವು. ಅವರು ಎದ್ದು ನಿಂತು ಅತ್ತಿಗೆಗೆ ಕುರ್ಚಿ ಎಳೆದುಕೊಟ್ಟರು. ಕೆಟ್ಟದಾಗಿ ಮಾತಾಡುವ ಜನರೊಡನೆ ಜಗಳ ಸುಲಭ. ಇವರು ಬೆಣ್ಣೆಯಂಥವರು, ಚಾಕು ಹಾಕಿದರೆ ಚಾಕುವೇ ಮೆತ್ತಗಾಗುತ್ತದೆ.

"ಗೋಡೆಯಲ್ಲಿ ಒಂದು ತೂತು ಮಾಡ್ಸಿ, ಗಾಳಿ ಎಳೆಯೋ ಫ್ಯಾನ್ ಹಾಕ್ಸಿ ಸಾರ್. ಅಷ್ಟೇ" ಎಂದಳು ಅತ್ತಿಗೆ.

"ಧೂಳು ಬರುತ್ತಮ್ಮ. ಧೂಳು ಲ್ಯಾಂಪಿಗೆ ಆಗಲ್ಲ."

"ಆವಿ ನಂಗೂ ಆಗಲ್ಲ."

"ಆವಿ ಎಲ್ಲಿಂದ ಬಂತು? ನಮ್ಮ ಲ್ಯಾಂಪ್ ಒಡೆಯಲ್ಲವಲ್ಲ."

"ಮೊನ್ನೆ ಒಂದು ನಿವೃತ್ತಿ ಆಯ್ತಲ್ಲ ಸಾರ್, ನನ್ನ ಕುರ್ಚಿ ಪಕ್ಕದಲ್ಲೇ."

ದೊಡ್ಡಪ್ಪ ನಿಟ್ಟುಸಿರುಬಿಟ್ಟರು. ಆಮೇಲೆ ಮನೆಯ ಮಕ್ಕಳಿಗೆ ಲೋಕದ ಗುಟ್ಟು ಹೇಳುವವರ ಹಾಗೆ ಮುಂದಕ್ಕೆ ಬಾಗಿದರು. "ನೋಡು, ಗಿರಾಕಿಗಳು ಬಂದು ಕೋಣೆ ನೋಡ್ತಾರೆ. ಫ್ಯಾನ್ ಯಾಕೆ ಅಂತ ಕೇಳ್ತಾರೆ. ಏನು ಹೇಳ್ಲಿ? ಫ್ಯಾನ್ ಹಾಕಿದ್ರೆ ಒಡೆಯುತ್ತೆ ಅಂತ ನಾವೇ ಒಪ್ಪಿಕೊಂಡ ಹಾಗೆ. ಇಷ್ಟೂ ಜನರ ಅನ್ನದ ಪ್ರಶ್ನೆ ಇದು."

"ಹಾಗಾದ್ರೆ ನನ್ನ ಮೇಲಕ್ಕೆ ಕಳ್ಸಿ."

"ನಿನಗೆ ಅಂತಾನೇ ದಿಂಬು ಕೊಡಿಸಿದೀನಿ! ಭಯ ಆದ್ರೆ ಮನೇಲಿರಮ್ಮ, ರೆಸ್ಟ್ ತಗೋ. ಬಲವಂತ ಇಲ್ಲ."

ಮನೆಯಲ್ಲಿ ರೆಸ್ಟ್ ತೆಗೆದುಕೊಳ್ಳಲು ಹೋದವರು ಯಾರೂ ಆ ಕಟ್ಟಡಕ್ಕೆ ವಾಪಸ್ ಬಂದದ್ದನ್ನು ನಾವು ನೋಡಿರಲಿಲ್ಲ. ಅತ್ತಿಗೆ ಎದ್ದಳು. ಮೆಟ್ಟಿಲಿಳಿಯುವಾಗ, "ಒಂದೊಂದು ಲ್ಯಾಂಪಿನ ಬೆನ್ನಿಗೂ ಒಂದೊಂದು ಪುಟ್ಟ ಫ್ಯಾನ್ ಇದೆ, ನೋಡಿದೀಯಾ ನಾದಿನಮ್ಮ? ಮುಂದಿನ ಜನ್ಮ ಇದ್ರೆ ಲ್ಯಾಂಪಾಗಿ ಹುಟ್ಬೇಕು" ಎಂದಳು. ನಗಿಸಲೆಂದೇ ಹೇಳಿದ್ದು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಹೀಗಿರುವಾಗ ದೀಪ ಕೊಳ್ಳಲು ಖರೀದಿ ಮೇಡಂ ಒಬ್ಬರು ಬರುವ ಸುದ್ದಿ ಬಂತು. ಯಾವುದೋ ತರಬೇತಿ ಕೇಂದ್ರಗಳ ದೊಡ್ಡ ಸಂಸ್ಥೆಯಂತೆ. ಕೋಣೆಗೊಂದು ಪ್ರೊಜೆಕ್ಟರ್, ಎಲ್ಲದಕ್ಕೂ ದೀಪ ನಮ್ಮಿಂದಲೇ ಎನ್ನುವ ಮಾತು. ಮೆಟ್ಟಿಲು ತೊಳೆದರು. ಗ್ಲೌಸ್ ಹೊಸ ಗ್ಲೌಸ್ ಹಾಕಿಕೊಂಡರು. ಮೇಲಿನ ಸಭಾಕೋಣೆಯಲ್ಲಿ ಕಿಟಕಿಗಳ ಪರದೆ ಎಳೆದು, ನಮ್ಮದೇ ದೀಪವಿದ್ದ ಪ್ರೊಜೆಕ್ಟರನ್ನು ಮೇಜಿನ ಮೇಲಿಟ್ಟು, ಎಲ್ಲರೂ ಬಂದು ಕುರ್ಚಿ ತುಂಬಿಸಿ ಎಂದು ಅಪ್ಪಣೆಯಾಯಿತು. ಕುಟುಂಬ ದೊಡ್ಡದಾಗಿ ಕಾಣಬೇಕಿತ್ತು.

ಅತ್ತಿಗೆ ಉರಿಕೋಣೆಯ ಬಾಗಿಲಲ್ಲಿ ನಿಂತು, "ರ‍್ಯಾಕ್ ಪೂರ್ತಿ ಉರೀತಿದೆ, ಒಂದೊಂದೇ ಆರಿಸಿ ಬರ್ಲಾ?" ಎಂದು ಕೇಳಿದಳು.

"ಬೇಡ, ಬೇಡ. ಆರಿಸಿದ್ರೆ ಮತ್ತೆ ಮೊದಲಿಂದ ಉರಿಸ್ಬೇಕು, ಮಾಲು ತಡ ಆಗುತ್ತೆ. ಉರೀಲಿ ಬಿಡು, ಬಾ" ಎಂದರು ಗ್ಲೌಸ್.

ಮೇಲೆ ದೊಡ್ಡಪ್ಪ ಒಮ್ಮೆ ಮಾತು ಶುರುಮಾಡಿ ನೋಡಿದರು. ಅವರದ್ದು ಮೆಲುದನಿ. ಪ್ರೊಜೆಕ್ಟರಿನ ಫ್ಯಾನು ಗೊರಗುಡುತ್ತಿತ್ತು. "ಈ ಗೊರಗೊರ ನನ್ನ ಮಾತನ್ನೇ ನುಂಗ್ತಾ ಇದೆಯಲ್ರೀ" ಎಂದರು. ಗ್ಲೌಸ್ ಕ್ಷಣ ಯೋಚಿಸಿ, ಮೇಜಿನ ಮೇಲಿದ್ದ ದಪ್ಪ ಮಖಮಲ್ಲಿನ ಬಟ್ಟೆಯನ್ನು, ಕಂಪನಿಯ ಹೆಸರನ್ನು ಬಂಗಾರದ ದಾರದಲ್ಲಿ ಹೊಲಿದದ್ದು, ಮಡಿಸಿ ಪ್ರೊಜೆಕ್ಟರಿನ ಮೇಲೆ ಹೊದಿಸಿದರು. ಮುಂದೆ ಮಸೂರಕ್ಕೆ ದಾರಿ ಬಿಟ್ಟರು. ಪಕ್ಕದಲ್ಲಿ ಬಿಸಿಗಾಳಿ ಹೊರಬರುವ ಜಾಲರಿ ಪೂರಾ ಮುಚ್ಚಿಹೋಯಿತು. ಸದ್ದು ಅಡಗಿತು. ದೊಡ್ಡಪ್ಪ ಮೆಚ್ಚಿ ತಲೆಯಾಡಿಸಿದರು. ದೀಪದ ಕಂಪನಿ, ದೀಪದ ಮೇಲ್ವಿಚಾರಕ, ದೀಪದ ಮಾಲೀಕ! ಒಬ್ಬರಿಗೂ ಹೊಳೆಯಲಿಲ್ಲ.

ನನ್ನ ಬಾಯಿ ತೆರೆಯಿತು. ಅತ್ತಿಗೆ ನನ್ನ ತೊಡೆ ಚಿವುಟಿದಳು.

"ಅದರ ಮೂಗು ಮುಚ್ಚಿದ್ದಾರೆ" ಎಂದೆ ಪಿಸುಮಾತಿನಲ್ಲಿ.

"ನೋಡ್ದೆ."

"ಹೇಳ್ಬೇಡ್ವಾ?"

"ನಮ್ಮನ್ನ ಕರ್ದಿರೋದು ಚಪ್ಪಾಳೆಗೆ. ಚಪ್ಪಾಳೆ ಹೊಡಿ."

ಖರೀದಿ ಮೇಡಂ ಬಂದು ಮುಂದಿನ ಸಾಲಿನಲ್ಲಿ ಕೂತರು. ಗಿಡ್ಡ ಕೂದಲು, ದೊಡ್ಡ ಚೀಲ, ಗಡಿಯಾರ ನೋಡುವ ಕಣ್ಣು. ಕೋಣೆಯ ದೀಪ ಆರಿಸಿದರು, ಗೋಡೆಯ ಮೇಲೆ ಚಿತ್ರ ಬಂತು. ನಿಜ ಹೇಳಬೇಕೆಂದರೆ ಬೆಳಕು ಚೆನ್ನಾಗಿತ್ತು, ನಾವು ಮಾಡಿದ್ದಲ್ಲವೇ. ಒಂದು ಚಿತ್ರದಲ್ಲಿ ನಾವೆಲ್ಲ ನಗುತ್ತ ನಿಂತಿದ್ದೆವು. ಇನ್ನೊಂದರಲ್ಲಿ 'ನಮ್ಮ ಪರೀಕ್ಷಾ ಕೊಠಡಿ' ಎಂದು ಬರೆದು, ಗೋಡೆಯಗಲದ ಕಿಟಕಿ, ಕಿಟಕಿಯಲ್ಲಿ ಹೂಕುಂಡ, ಪಕ್ಕದಲ್ಲಿ ಬಿಳಿ ಕೋಟಿನ ಹುಡುಗಿ.

"ಯಾರೇ ಇವ್ಳು?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ನಾನೇ ಕಣ್ರೇ. ಮದುವೆಗೆ ಮುಂಚೆ" ಎಂದಳು ಅತ್ತಿಗೆ. ಒಂದು ಸಾಲು ಪೂರಾ ಕೆಮ್ಮಿತು.

"ಸುರಕ್ಷತೆಯೇ ನಮ್ಮ ಉಸಿರು" ಎಂದು ದೊಡ್ಡಪ್ಪ ಹೇಳುತ್ತಿದ್ದಾಗ ಮಖಮಲ್ಲಿನ ಕೆಳಗೆ ಒಂದು ಕೆಂಪು ದೀಪ ಮಿಟುಕಿತು. ಫ್ಯಾನು ಇದ್ದಕ್ಕಿದ್ದಂತೆ ಜೋರಾಗಿ ಅರಚಿಕೊಂಡಿತು. ಚಿತ್ರ ಮಾಯ. ಕೋಣೆ ಗವ್ವೆಂದಿತು.

"ಹಾಕ್ರೀ, ಹಾಕ್ರೀ!" ದೊಡ್ಡಪ್ಪನ ದನಿ.

ಗ್ಲೌಸ್ ಗಾಬರಿಯಲ್ಲಿ ಪ್ಲಗ್ಗನ್ನೇ ಕಿತ್ತು ಮತ್ತೆ ಸಿಕ್ಕಿಸಿದರು. ಟಿಕ್, ಟಿಕ್ ಎಂದಿತು, ಹೊತ್ತಲಿಲ್ಲ. ಹೊತ್ತುವುದೂ ಇಲ್ಲ. ಬಿಸಿಯಾಗಿರುವಾಗ ಆರಿದ ಆ ದೀಪ, ಒಳಗಿನ ಒತ್ತಡ ಇಳಿಯುವವರೆಗೆ ಯಾವ ಮಾಲೀಕನ ಮಾತನ್ನೂ ಕೇಳುವುದಿಲ್ಲ. ಕೈಮುಗಿದರೂ ಅಷ್ಟೇ, ಕಿರುಚಿದರೂ ಅಷ್ಟೇ.

"ಉಸಿರು ಕಟ್ಟಿದೆ ಸಾರ್ ಅದಕ್ಕೆ. ಗಾಳಿ ಇಲ್ಲದೆ ಕೆಲಸ ಮಾಡಲ್ಲ ಅದು" ಎಂದಿತು ಕತ್ತಲೆಯಲ್ಲಿ ಒಂದು ಹೆಣ್ಣುದನಿ.

"ಯಾರದು?"

ಯಾರೂ ಅಲ್ಲ. ಕತ್ತಲೆಯಲ್ಲಿ ಇಷ್ಟೊಂದು ಬಾಯಿಗಳಿದ್ದವು.

"ಪುಣ್ಯವಂತ ಪೆಟ್ಟಿಗೆ. ಕೆಲಸ ನಿಲ್ಸಿದ್ರೂ ಯಾರೂ ಮನೆಗೆ ಕಳಿಸಲ್ಲ" ಎಂದಿತು ಇನ್ನೊಂದು ದನಿ, ಕಿಟಕಿಯ ಕಡೆಯಿಂದ. ಕುರ್ಚಿಗಳು ನಗೆಯಿಂದ ಕಿರುಗುಟ್ಟಿದವು.

"ಸ್ವಿಚ್ ಹಾಕ್ರೀ ಮೊದಲು!" ದೊಡ್ಡಪ್ಪ ಈಗ ಮೆಲುದನಿ ಮರೆತಿದ್ದರು. ಗ್ಲೌಸ್ ಗೋಡೆಯನ್ನು ಎಮ್ಮೆಯ ಮೈ ಸವರಿದ ಹಾಗೆ ಸವರುತ್ತಿದ್ದದ್ದು ಕೇಳುತ್ತಿತ್ತು. ಬೆಳಕು ಮಾರುವವರ ಮನೆಯಲ್ಲಿ ಸ್ವಿಚ್ಚು ಸಿಗುತ್ತಿರಲಿಲ್ಲ.

"ಒಂದೇ ನಿಮಿಷ ಮೇಡಂ. ಅಷ್ಟರಲ್ಲಿ ತಣ್ಣಗೆ ಏನಾದ್ರೂ ಕುಡೀರಿ" ಎನ್ನುತ್ತ ದೊಡ್ಡಪ್ಪ ಮೇಜಿನ ಮೇಲಿದ್ದ ಸೋಡಾ ಬಾಟಲಿಯನ್ನು ಹುಡುಕಿ ಹಿಡಿದು ಮುಚ್ಚಳ ತೆಗೆದರು.

ಟಪ್.

"ಗಾಳಿ!"

ಕೂಗಿದವಳು ನಾನೇ. ಯೋಚಿಸಿ ಕೂಗಿದ್ದಲ್ಲ. ಬಾಯಿ ತಾನೇ ಕೂಗಿತು. ಕೂಗಿದ ಮರುಕ್ಷಣ ಅದು ಬಾಟಲಿ ಎಂದು ತಿಳಿಯಿತು, ಆದರೆ ಅಷ್ಟರಲ್ಲಿ ನನ್ನ ಮೊಣಕೈ ಮೂಗಿನ ಮೇಲಿತ್ತು, ಹೆಗಲ ಮೇಲೆ ಯಾರದೋ ಕೈ ಬಿದ್ದಿತ್ತು. ಕುರ್ಚಿ ಬೀಳಲಿಲ್ಲ, ಯಾರೂ ಚೀರಲಿಲ್ಲ. ಇಡೀ ಕೋಣೆ ಒಂದೇ ಮೈಯಾಗಿ ಎದ್ದು, ಸಾಲುಗಟ್ಟಿ, ಕತ್ತಲೆಯಲ್ಲೇ ಬಾಗಿಲು ಹುಡುಕಿ, ಮೆಟ್ಟಿಲಿಳಿದು, ಬಿಸಿಲಿಗೆ ಬಂದು, ರಸ್ತೆ ದಾಟಿತು. ಎಷ್ಟು ಸಲ ಮಾಡಿದ್ದೇವೋ! ಬ್ಯಾಂಡು ಒಂದು ಕಡಿಮೆ.

ರಸ್ತೆಯ ಆಚೆ ನಾವು ತಲುಪಿದಾಗ ಅಲ್ಲಿ ಆಗಲೇ ಒಬ್ಬರು ನಿಂತಿದ್ದರು. ಮೊಣಕೈಯಿಂದ ಮೂಗು ಮುಚ್ಚಿ, ಕಣ್ಣು ಅರಳಿಸಿಕೊಂಡು. ದೊಡ್ಡಪ್ಪ.

ಅವರು ಬಾಗಿಲ ಪಕ್ಕದಲ್ಲಿದ್ದರು, ನಿಜ. ಬಾಟಲಿಯ ಮುಚ್ಚಳ ತೆಗೆದವರೂ ಅವರೇ, ಅದೂ ನಿಜ. ಆದರೂ ಅವರ ಕಾಲು ನಮ್ಮೆಲ್ಲರಿಗಿಂತ ಮೊದಲು ಓಡಿತ್ತು. ನಾವು ಅವರನ್ನು ನೋಡಿದೆವು, ಅವರು ನಮ್ಮನ್ನು ನೋಡಿದರು. ಮೊಣಕೈ ಮೆಲ್ಲಗೆ ಕೆಳಗಿಳಿಯಿತು. ಇನ್ನೊಂದು ಕೈಯಲ್ಲಿ ಬಾಟಲಿಯ ಮುಚ್ಚಳ ಹಾಗೇ ಇತ್ತು.

ನನಗೆ ನಗು ಬರಲಿಲ್ಲ. ಅತ್ತಿಗೆಯ ಕೆಲಸವನ್ನು ಒಂದೇ ಕೂಗಿಗೆ ಕಳೆದೆನಲ್ಲ ಎಂದುಕೊಂಡೆ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ಏದುಸಿರು ಬಿಡುತ್ತ ಗೋಡೆಗೆ ಒರಗಿದ್ದಳು.

ಖರೀದಿ ಮೇಡಂ ಕೊನೆಗೆ ಇಳಿದುಬಂದರು. ಒಬ್ಬರೇ, ನಿಧಾನವಾಗಿ, ಕೈಯಲ್ಲಿ ಸೋಡಾ ಬಾಟಲಿ. ರಸ್ತೆ ದಾಟಿ ಒಂದು ಗುಟುಕು ಕುಡಿದರು.

"ಏನಿದು?"

"ವ್ಯಾಯಾಮ ಮೇಡಂ. ದಿನಾ ಮಾಡಿಸ್ತೀವಿ. ಕುಟುಂಬದ ಆರೋಗ್ಯ..." ಎಂದರು ದೊಡ್ಡಪ್ಪ.

"ಮೂಗು ಮುಚ್ಕೊಂಡಾ?"

ದೊಡ್ಡಪ್ಪ ಗ್ಲೌಸ್ ಕಡೆ ನೋಡಿದರು. ಗ್ಲೌಸ್ ಆಕಾಶ ನೋಡಿದರು.

"ಲ್ಯಾಂಪ್ ಒಡೆದ್ರೆ ಹೀಗೆ ಓಡ್ತೀವಿ ಮೇಡಂ" ಎಂದಳು ಅತ್ತಿಗೆ. ಎಷ್ಟೋ ಕಾಲದ ಮೇಲೆ ಆ ಮಾತು ಆ ಬೀದಿಯಲ್ಲಿ ಬಟ್ಟೆ ತೊಡದೆ ಹೊರಬಂತು. "ಕೆಳಗಿನ ಕೋಣೇಲಿ ಗಾಳಿ ಇಲ್ಲ. ಅಲ್ಲಿ ಕೂರೋದು ನಾನು. ನನ್ನ ಹೊಟ್ಟೇಲಿ ಮಗು ಇದೆ. ನೀವು ಚಿತ್ರದಲ್ಲಿ ನೋಡಿದ ಕಿಟಕಿ ನಾವೂ ಇವತ್ತೇ ನೋಡಿದ್ದು."

ಈಗ ಮೇಡಂ ಸಿಟ್ಟಾಗುತ್ತಾರೆ, ದೊಡ್ಡಪ್ಪನನ್ನು ಗದರುತ್ತಾರೆ, ನಮ್ಮ ಕಷ್ಟ ಬಗೆಹರಿಯುತ್ತದೆ ಎಂದು ನನಗನ್ನಿಸಿತು. ಬೆಂಚಿನಲ್ಲಿ ಎಷ್ಟು ವರ್ಷ ಕೂತರೂ ಮನುಷ್ಯರಿಗೆ ಇಂಥ ಆಸೆ ಹೋಗುವುದಿಲ್ಲ. ಮೇಡಂ ತಲೆಯಾಡಿಸಿ, ಇನ್ನೊಂದು ಗುಟುಕು ಕುಡಿದು, ದೊಡ್ಡಪ್ಪನ ಕಡೆ ತಿರುಗಿದರು.

"ಒಡೆಯುತ್ತೆ ಅಂದ್ರೆ ಆ ರೇಟಿಗೆ ಆಗಲ್ಲ. ಇನ್ನೂ ಇಳಿಸಿ. ಮಾಲು ಮಾತ್ರ ಹೇಳಿದ ದಿನಕ್ಕೇ ಬೇಕು."

ಅಷ್ಟೇ. ಅತ್ತಿಗೆಯ ಹೊಟ್ಟೆ ಚೌಕಾಶಿಗೆ ಒಂದು ಕಾರಣವಾಗಿ ಅವರ ಚೀಲ ಸೇರಿತು.

ದೊಡ್ಡಪ್ಪನಿಗೆ ಮಾತ್ರ ಜೀವ ಬಂತು. ರೇಟಿನ ಮಾತು ಅವರಿಗೆ ತಾಯ್ನುಡಿ. "ಆಗಲಿ ಮೇಡಂ, ಕೂತು ಮಾತಾಡೋಣ. ಏಯ್, ಎಲ್ಲ ಒಳಗೆ ನಡೀರಿ. ಟಪ್ ಅಂದಿದ್ದು ಬಾಟಲಿ, ನಾಟಕ ಸಾಕು."

ಯಾರೂ ಅಲುಗಲಿಲ್ಲ. ಹೀಗೆ ಮಾಡೋಣ ಎಂದು ಯಾರೂ ಮಾತಾಡಿಕೊಂಡಿರಲಿಲ್ಲ. ಒಬ್ಬಳು ಮೊದಲು ಹೆಜ್ಜೆ ಇಡಲಿ ಎಂದು ಎಲ್ಲರೂ ಕಾಯುತ್ತಿದ್ದೆವು. ಆ ಒಬ್ಬಳು ಯಾರೂ ಆಗಲಿಲ್ಲ.

ಅಷ್ಟರಲ್ಲಿ ಗ್ಲೌಸ್‌ಗೆ ಏನೋ ನೆನಪಾಗಿ ಮುಖ ಬಿಳಿಚಿತು. "ಸಾರ್. ರ‍್ಯಾಕು. ಒಳಗೆ ರ‍್ಯಾಕ್ ಉರೀತಿದೆ. ಒಬ್ರೂ ಇಲ್ಲ."

"ಮೇನ್ ಸ್ವಿಚ್ ಎಳೀರಿ!"

"ಮೇನ್ ಎಳೆದ್ರೆ ದೀಪದ ಹಿಂದಿನ ಫ್ಯಾನುಗಳೂ ನಿಲ್ತಾವೆ ಸಾರ್. ಕುದೀತಿರೋ ದೀಪ, ಗಾಳಿ ನಿಂತ್ರೆ ಎಷ್ಟು ಹೋಗ್ತಾವೋ. ಮೇಡಂಗೆ ಕೊಡ್ಬೇಕಾದ ಮಾಲೆಲ್ಲ ಅದೇ. ಒಬ್ರು ಒಳಗೆ ಹೋಗಿ ಒಂದೊಂದೇ ದೀಪ ಆರಿಸಿ ಫ್ಯಾನ್ ತಿರುಗೋಕೆ ಬಿಡ್ಬೇಕು."

"ಹೋಗಮ್ಮ" ಎಂದರು ದೊಡ್ಡಪ್ಪ, ಅತ್ತಿಗೆಗೆ.

"ಮೇಸ್ತ್ರಿ ಬರ್ಲಿ, ಹೋಗ್ತೀನಿ."

"ಯಾವ ಮೇಸ್ತ್ರಿ?"

"ಗೋಡೆ ಒಡೆಯೋ ಮೇಸ್ತ್ರಿ. ಬೀದಿ ಕೊನೇಲಿ ಮನೆ ಕಟ್ತಿದ್ದಾರಲ್ಲ, ಅಲ್ಲಿದ್ದಾರೆ. ಕೂಗಿದ್ರೆ ಕೇಳ್ಸುತ್ತೆ."

ದೊಡ್ಡಪ್ಪ ಗ್ಲೌಸ್ ಕಡೆ ತಿರುಗಿದರು. "ನೀವು ಹೋಗ್ರೀ."

ಗ್ಲೌಸ್ ತಮ್ಮ ಹಾಲಿನಂಥ ಕೈಗಳನ್ನು ನೋಡಿಕೊಂಡರು. ಒಂದು ಗ್ಲೌಸ್ ಬಿಚ್ಚಿದರು, ಇನ್ನೊಂದು ಬಿಚ್ಚಿದರು, ಮಡಿಸಿ ಜೇಬಿಗಿಟ್ಟರು. ಒಳಗಿನ ಬೆರಳುಗಳು ತೀರಾ ಸಾಮಾನ್ಯವಾಗಿದ್ದವು, ಉಗುರು ಕಚ್ಚುವ ಅಭ್ಯಾಸದವು. "ಒಳಗೆ ಯಾವುದು ಹೇಗಿದೆಯೋ ಸಾರ್. ನಂಗೂ ಮಕ್ಕಳಿದ್ದಾರೆ" ಎಂದರು.

ದೊಡ್ಡಪ್ಪ ತಾವೇ ರಸ್ತೆ ದಾಟಿದರು. ಬಾಗಿಲಿಗೆ ಹೋದರು. ಒಳಗೆ ಇಣುಕಿದರು. ಉರಿಕೋಣೆಯ ಬಾಗಿಲ ಸಂದಿಯಿಂದ ಬಿಳಿ ಬೆಳಕು ಅವರ ಬೂಟಿನ ಮೇಲೆ ಬಿದ್ದಿತ್ತು. ಅಲ್ಲೇ ನಿಂತರು. ಒಂದು ಕಾಲು ಒಳಗಿಡಲು ಹೋಗಿ ಹಿಂದಕ್ಕೆ ತೆಗೆದರು. ನಾವು ಈಚೆಯಿಂದ ನೋಡುತ್ತಿದ್ದೆವು, ಖರೀದಿ ಮೇಡಮ್ಮೂ ನೋಡುತ್ತಿದ್ದರು. ವಾಪಸ್ ಬಂದಾಗ ಅವರ ದನಿ ಮತ್ತೆ ಬೆಣ್ಣೆಯಾಗಿತ್ತು. ಅತ್ತಿಗೆಯನ್ನು ಪಕ್ಕಕ್ಕೆ ಕರೆದರು. ನಾನೂ ಬೆನ್ನಿಗಿದ್ದೆ.

"ಸರಿಯಮ್ಮ. ನಿನ್ನ ಮಾತೇ ಆಗಲಿ. ನಾಳೆಯಿಂದ ನೀನು ಮೇಲೆ, ನಿನ್ನ ಹಳೇ ಬೆಂಚಿಗೆ. ಹೆರಿಗೆ ಆಗಿ ಬರೋವರೆಗೂ ನಿನ್ನ ಜಾಗ ನಿಂದೇ. ಇವರೆಲ್ಲರ ಮುಂದೆ ಹೇಳ್ತೀನಿ ಬೇಕಾದ್ರೆ. ಈಗ ಹೋಗಿ ಆರ್ಸು."

ನನ್ನ ಎದೆಯ ಮೇಲಿಂದ ಒಂದು ಬಂಡೆ ಇಳಿದ ಹಾಗಾಯಿತು. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಹೂಂ ಅನ್ನೇ, ಹೂಂ ಅನ್ನೇ ಎಂದು ಮನಸ್ಸಿನಲ್ಲೇ ಅವಳ ಬೆನ್ನು ತಳ್ಳುತ್ತಿದ್ದೆ. ಅತ್ತಿಗೆಯ ಕೈ ಹೊಟ್ಟೆಯ ಮೇಲೆ ಹೋಯಿತು. ಅವಳ ಮುಖದಲ್ಲಿ ಆಸೆ ಬಂದು ಕೂತಿದ್ದನ್ನು ನಾನು ಕಣ್ಣಾರೆ ಕಂಡೆ. ತುಂಬ ಹೊತ್ತು ಕೂತಿತ್ತು ಅದು.

"ಆಮೇಲೆ ಕೆಳಗೆ ಯಾರು ಕೂರ್ತಾರೆ?" ಎಂದು ಕೇಳಿದಳು.

"ಯಾರೋ ಒಬ್ರು. ಅದು ನಿನಗ್ಯಾಕೆ?" ದೊಡ್ಡಪ್ಪನ ಕಣ್ಣು ಸಾಲಿನ ಮೇಲೆ ಹರಿದು ನನ್ನ ಮೇಲೆ ಬಂದು ನಿಂತಿತು. "ಇವಳೇ ಕೂರ್ಲಿ. ಇವಳಿಗೇನು ಮದುವೆಯೇ, ಮಕ್ಕಳೇ?"

ಬಂಡೆ ಮತ್ತೆ ಹತ್ತಿ ಕೂತಿತು.

ಅತ್ತಿಗೆ ನನ್ನನ್ನು ನೋಡಿದಳು. ಆಮೇಲೆ ಅವಳ ಗದರುವ ದನಿ, ವಾರಗಟ್ಟಲೆ ಕೇಳದಿದ್ದದ್ದು, ಬೀದಿಗೆಲ್ಲ ಕೇಳುವ ಹಾಗೆ ಎದ್ದಿತು. "ನಂಗೆ ಬೇಡದ ಗಾಳಿ ಇವಳಿಗೆ ಆಗುತ್ತಾ ಸಾರ್? ನಾಳೆ ಇವಳಿಗೂ ಮಗು ಬೇಕು ಅನಿಸ್ಬಹುದು. ಬೇಡ ಅನಿಸ್ಲಿ, ಶ್ವಾಸಕೋಶ ಅಂತೂ ಇದೆಯಲ್ಲ! ಮೊದಲು ತೂತು. ನಾಳೆ ಫ್ಯಾನು. ಫ್ಯಾನ್ ತಿರುಗಿದ್ಮೇಲೆ ಎಲ್ರೂ ಸರದಿ ಮೇಲೆ ಕೂರ್ತೀವಿ, ಬಸುರಿ ಬಾಣಂತಿ ಬಿಟ್ಟು. ನನ್ನ ಸರದಿ ಮಗು ದೊಡ್ಡದಾದ್ಮೇಲೆ. ಮೇಸ್ತ್ರೀ! ಓ ಮೇಸ್ತ್ರೀ!"

ಸಾಲಿನವರೆಲ್ಲ ಒಟ್ಟಿಗೆ ಕೂಗಿದರು. ಬೀದಿಯ ಕೊನೆಯಲ್ಲಿ ಕಟ್ಟುತ್ತಿದ್ದ ಮನೆಯ ಮೇಲಿಂದ ಒಂದು ತಲೆ ಎದ್ದಿತು.

ಖರೀದಿ ಮೇಡಂ ಗಡಿಯಾರ ನೋಡಿಕೊಂಡು, "ನನ್ನ ಮಾಲು ಒಳಗೆ ಸುಡ್ತಾ ಇದೆ. ನೀವಿಲ್ಲಿ ತೂತಿನ ಮಾತಾಡ್ತಿದ್ದೀರಿ. ಬೇಗ ಏನಾದ್ರೂ ಮಾಡಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ತೀನಿ" ಎಂದರು. ಹೊಟ್ಟೆಯಲ್ಲಿರುವ ಮಗುವಿಗಾಗಿ ಆಗದ್ದು ಮಾಲಿಗಾಗಿ ಆಯಿತು. ದೊಡ್ಡಪ್ಪ ಮುಚ್ಚಳವಿದ್ದ ಕೈಯನ್ನೇ ಎತ್ತಿ ಮೇಸ್ತ್ರಿಗೆ ಬಾ ಎಂದು ಸನ್ನೆ ಮಾಡಿದರು.

ಮೇಸ್ತ್ರಿ ಬಂದರು, ಭುಜದ ಮೇಲೆ ಸುತ್ತಿಗೆ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಅವರು ಬಾಗಿಲಲ್ಲಿ ನಿಂತದ್ದನ್ನು ನೋಡಿಕೊಂಡೇ ಅತ್ತಿಗೆ ಒಳಗೆ ಹೋದಳು. ನಾನೂ ಕನ್ನಡಕ ಹಾಕಿಕೊಂಡು ಹಿಂದೆಯೇ ಹೋದೆ. ಒಂದೂ ಒಡೆದಿರಲಿಲ್ಲ. ಆ ತುದಿಯಿಂದ ಅವಳು, ಈ ತುದಿಯಿಂದ ನಾನು, ಒಂದೊಂದೇ ಆರಿಸುತ್ತ ನಡುವೆ ಬಂದು ಸೇರಿದೆವು. ಬೆಳಕು ಹೋದರೂ ಬೆನ್ನಿನ ಫ್ಯಾನುಗಳೆಲ್ಲ ತಿರುಗುತ್ತಲೇ ಇದ್ದವು. ದೀಪಗಳು ತಣ್ಣಗಾದ ಮೇಲೆ ಬಾಗಿಲಿಗೆ ಒಯ್ದು ಕೈಯಿಂದ ಕೈಗೆ ಕೊಟ್ಟೆವು. ಸಾಲು ಆಗಲೇ ನಿಂತಿತ್ತು.

"ಎಷ್ಟು ದೊಡ್ಡದು ಬೇಕು?" ಮೇಸ್ತ್ರಿ ಕೇಳಿದರು.

"ಒಂದು ಮುಷ್ಟಿಯಷ್ಟು ಸಾಕು" ಎಂದರು ದೊಡ್ಡಪ್ಪ ಬಾಗಿಲಾಚೆಯಿಂದ.

ಅತ್ತಿಗೆ ಪೆನ್ಸಿಲು ಕಸಿದುಕೊಂಡು ಗೋಡೆಯ ಮೇಲೆ ಕೈ ಚಾಚುವಷ್ಟು ಅಗಲಕ್ಕೆ ಒಂದು ಗುಂಡನೆಯ ಗೆರೆ ಎಳೆದಳು. ಅಷ್ಟೇನೂ ಗುಂಡಗಿರಲಿಲ್ಲ, ಒಂದು ಕಡೆ ಉಬ್ಬಿಕೊಂಡಿತ್ತು. ಮೇಸ್ತ್ರಿ ದೊಡ್ಡಪ್ಪನನ್ನು ನೋಡಿದರು, ಗೆರೆ ನೋಡಿದರು, ಗೆರೆಯನ್ನೇ ನಂಬಿದರು.

"ಒಳಗಿಂದ ಹೊಡೀರಿ. ಧೂಳು ಹೊರಗೆ ಹೋಗ್ಲಿ" ಎಂದು ದೊಡ್ಡಪ್ಪ ಕೂಗಿದರು. ಅದೊಂದು ಮಾತನ್ನು ಯಾರೂ ತೆಗೆದುಹಾಕಲಿಲ್ಲ.

ಮೊದಲ ಏಟಿಗೆ ಗೋಡೆ ಗೊಣಗಿತು. ಎರಡನೆಯದಕ್ಕೆ ಗಾರೆ ಉದುರಿತು. ಆಮೇಲೆ ಒಂದು ಇಟ್ಟಿಗೆ ಹಿಂದಕ್ಕೆ ಸರಿದು, ತಡವರಿಸಿ, ಹೊರಗೆ ಬಿತ್ತು. ಹೊರಗೆ ಯಾರೋ "ಅಯ್ಯೋ!" ಎಂದು ಸೈಕಲ್ಲಿನ ಬ್ರೇಕು ಹಿಡಿದ ಸದ್ದು. ಆ ಚೌಕದಲ್ಲಿ ಬಿಸಿಲು ಬಂತು, ಬಿಸಿಲಿನ ಹಿಂದೆ ಒಬ್ಬ ಮುದುಕನ ಮುಖ ಬಂತು, ಸಿಟ್ಟಿನಿಂದ ಬೈಯಲೆಂದೇ ಬಂದದ್ದು. ನಮ್ಮನ್ನು ನೋಡಿ ಬೈಗುಳ ಅರ್ಧಕ್ಕೆ ನಿಂತಿತು.

"ಒಳಗೆ ಜನ ಇದ್ದೀರಾ? ದಿನಾ ಇಲ್ಲೇ ಓಡಾಡ್ತೀನಿ, ಗೋಡೌನು ಅಂದ್ಕೊಂಡಿದ್ದೆ."

"ಇದ್ದೀವಿ ತಾತ. ಸ್ವಲ್ಪ ಆ ಕಡೆ ಸರೀರಿ, ಇನ್ನೂ ಇಟ್ಟಿಗೆ ಬೀಳೋದಿದೆ" ಎಂದಳು ಅತ್ತಿಗೆ.